ಕಲಬುರಗಿ ಬಿಸಿಲಲ್ಲಿ ಗೊದ್ದಗಳಿಗೊಂದು ಮನೆ

ನಮ್ಮ ಮನೆಯ ಒಳಕೋಣೆಯಲ್ಲಿ, ಜೋಳದ ಡಬ್ಬಿ ಇಡುವ ಕಟ್ಟೆಯ ಕೆಳಗೆ, ಒಂದು ಬಿಳಿ ಬ್ಲಾಕ್ ಇದೆ. ಅದರ ಮೇಲೆ ಗಾಜು, ಗಾಜಿನ ಮೇಲೆ ಕೆಂಪು ಹಾಳೆ. ಹಾಳೆ ಎತ್ತಿದರೆ ಒಂದು ರಾಣಿ, ಅದರ ಸುತ್ತ ನೂರಕ್ಕೂ ಜಾಸ್ತಿ ಗೊದ್ದಗಳು. ಹೌದು, ಅದೇ ಕರಿ ದೊಡ್ಡ ಇರುವೆ. ಬೆಲ್ಲದ ಡಬ್ಬಿಗೆ ಬರುತ್ತಲ್ಲ, ಅದು. ದಕ್ಷಿಣದವರು ಕಟ್ಟಿರುವೆ ಅಂತಾರೆ, ವಿಜ್ಞಾನದವರು ಕ್ಯಾಂಪೊನೋಟಸ್ ಕಂಪ್ರೆಸಸ್ ಅಂತಾರೆ.

ಮೊದಲ ದಿನ ನಮ್ಮ ಅವ್ವ ಸೊಂಟದ ಮೇಲೆ ಕೈ ಇಟ್ಟು ಕೇಳಿದ್ದು ಇಷ್ಟೇ: "ಮಂದಿ ಇರುವಿ ಹೊರಗ ಹಾಕ್ಲಾಕ ಪೌಡರ್ ಹೊಡಿತಾರ, ನೀ ಮನ್ಯಾಗ ತಂದ್ ಇಟ್ಕೋತಿಯೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅವಳೇ ಸೊಳ್ಳೆ ಬ್ಯಾಟಿಗೆ ಸಿಕ್ಕ ನೊಣವನ್ನು ಕಾಗದದಲ್ಲಿ ಮಡಚಿ ಇಟ್ಟಿರುತ್ತಾಳೆ.

ಇರುವೆ ಸಾಕೋದು ಕಷ್ಟದ ಕೆಲಸ ಅಲ್ಲ. ಆದರೆ ನೋಡುವ ಆಸೆ ಇದೆಯಲ್ಲ, ಅದನ್ನು ತಡೆಯೋದು ಕಷ್ಟ. ನನ್ನ ಮೊದಲ ಎರಡು ಗೂಡು ಹಾಳಾಗಿದ್ದು ನನ್ನ ತಪ್ಪಿನಿಂದಲೇ, ಅದರಲ್ಲಿ ಅವಸರವೂ ಒಂದು. ದೊಡ್ಡ ಗೂಡು ಕಟ್ಟಿದೆ, ಬೇಗ ಹಾಕಿದೆ, ದಿನಕ್ಕೆ ಹತ್ತು ಸಲ ಎತ್ತಿ ನೋಡಿದೆ. ಅದಕ್ಕೇ ಇಲ್ಲಿ ಬರೆದಿರೋದರಲ್ಲಿ ಅರ್ಧ ಭಾಗ ಏನು ಮಾಡಬಾರದು ಅನ್ನೋದೇ ಇದೆ.

ಮೊದಲು ಎರೆ ಮಣ್ಣಿನ ಕಥೆ

ಇರುವೆ ಅಂದ ಮೇಲೆ ಮಣ್ಣು ಬೇಕು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಎರಡು ಗಾಜಿನ ಹಾಳೆ ತಂದೆ, ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಅಂಟಿಸಿದೆ, ಹೊಲದಿಂದ ಎರೆ ಮಣ್ಣು ತಂದು ಜರಡಿ ಹಿಡಿದು ತುಂಬಿದೆ. ನೋಡಲು ಚೆಂದ ಇತ್ತು. ನೀರು ಹಾಕಿದಾಗ ಮಣ್ಣು ಉಬ್ಬಿ ಗಾಜನ್ನು ತಳ್ಳಿತು. ಒಣಗಿದಾಗ ನಮ್ಮ ಹೊಲ ಏಪ್ರಿಲ್‌ನಲ್ಲಿ ಹೇಗೆ ಬಾಯಿ ಬಿಡುತ್ತದೋ ಹಾಗೇ ಬಿರುಕು ಬಿಟ್ಟಿತು. ಇರುವೆಗಳು ಕಷ್ಟಪಟ್ಟು ತೋಡಿದ ದಾರಿ ಎಲ್ಲ ಕುಸಿದು, ಒಂದು ಬೆಳಿಗ್ಗೆ ನೋಡಿದರೆ ಅರ್ಧ ಇರುವೆಗಳು ಮಣ್ಣಿನೊಳಗೇ ಸಿಕ್ಕಿಕೊಂಡಿದ್ದವು.

ಎರೆ ಮಣ್ಣಿನ ಗುಣವೇ ಅದು. ಅದರಲ್ಲಿರುವ ಜಿಗುಟು ಕಣ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ತೊಗರಿಗೆ ಅದು ವರ, ಗಾಜಿನ ಗೂಡಿಗೆ ಶಾಪ. ಹೊಲದಲ್ಲಿ ಇರುವೆಗಳು ಅದರಲ್ಲೇ ಬದುಕುತ್ತವಲ್ಲ ಅಂತ ಕೇಳಬಹುದು. ಅಲ್ಲಿ ಆಳಕ್ಕೆ ಇಳಿಯಲು ಜಾಗ ಇದೆ, ಮೇಲೆ ಕುಸಿದರೆ ಕೆಳಗೆ ಹೋಗುತ್ತವೆ. ನಿಮ್ಮ ಎರಡು ಬೆರಳಿನ ಗಾಜಿನ ನಡುವೆ ಎಲ್ಲಿಗೆ ಹೋಗಬೇಕು ಅವು? ಇನ್ನೊಂದು ತೊಂದರೆ, ಮಣ್ಣಿನ ಗೂಡಿನಲ್ಲಿ ರಾಣಿ ಒಮ್ಮೆ ಒಳಗೆ ಹೋದರೆ ನಿಮಗೆ ಮತ್ತೆ ಕಾಣುವುದೇ ಇಲ್ಲ. ಹಾಗಾಗಿ ಮಣ್ಣು ಬಿಡಿ.

ರಾಣಿ ಸಿಗೋದು ಎಲ್ಲಿ

ಗೂಡು ಅಗೆದು ರಾಣಿ ಹುಡುಕಲು ಹೋಗಬೇಡಿ. ಆಳದಲ್ಲಿ ಇರುತ್ತದೆ, ಸಿಗುವುದಿಲ್ಲ, ಸಿಕ್ಕರೂ ಸಲಿಕೆಗೆ ತುಂಡಾಗಿರುತ್ತದೆ, ಸುಮ್ನೆ ಒಂದು ಗೂಡು ಹಾಳು ಮಾಡಿದ ಹಾಗೆ. ರಾಣಿ ಇಲ್ಲದೆ ಬರೀ ಕೆಲಸಗಾರ ಇರುವೆ ಹಿಡಿದು ತಂದರೆ ಕೆಲವು ತಿಂಗಳಲ್ಲಿ ಒಂದೊಂದೇ ಸತ್ತು ಮುಗಿಯುತ್ತವೆ. ಬೇರೆ ಗೂಡಿನ ರಾಣಿಯನ್ನು ಅವುಗಳ ನಡುವೆ ಬಿಟ್ಟರೆ ಕಚ್ಚಿ ಕೊಲ್ಲುತ್ತವೆ.

ರಾಣಿಗೆ ಕಾಯಬೇಕು, ಮಳೆಗೆ ಕಾದ ಹಾಗೆ. ಮಿರಗದ ಮಳೆ ಒಂದೆರಡು ಬಿದ್ದು ನೆಲ ಮೆತ್ತಗಾದ ಮೇಲೆ, ಗಾಳಿ ಇಲ್ಲದ ಸೆಕೆಯ ಸಂಜೆ, ಗೂಡುಗಳಿಂದ ರೆಕ್ಕೆ ಇರುವ ರಾಣಿ ಮತ್ತು ಗಂಡಿರುವೆಗಳು ಹೊರಬಂದು ಹಾರುತ್ತವೆ. ಗಾಳಿಯಲ್ಲೇ ಕೂಡುತ್ತವೆ. ಗಂಡು ಆಮೇಲೆ ಸಾಯುತ್ತದೆ. ರಾಣಿ ನೆಲಕ್ಕಿಳಿದು ತನ್ನ ರೆಕ್ಕೆಯನ್ನು ತಾನೇ ಕಿತ್ತು ಬಿಸಾಕಿ, ಅಡಗಿಕೊಳ್ಳಲು ತೂತು ಹುಡುಕುತ್ತಾ ಓಡಾಡುತ್ತದೆ. ಆ ಹೊತ್ತಿಗೆ ಅದನ್ನು ಹಿಡಿಯಬೇಕು. ಅಂಗಳದ ದೀಪದ ಬುಡ, ಬಸ್ ಸ್ಟ್ಯಾಂಡಿನ ಟ್ಯೂಬ್‌ಲೈಟ್ ಕೆಳಗೆ, ಟೆರೇಸ್, ಬೆಳಿಗ್ಗೆ ಬೇಗ ಕಾಂಪೌಂಡ್ ಗೋಡೆಯ ಬುಡ. ನನಗೆ ಸಿಕ್ಕಿದ್ದು ಮನೆ ಮುಂದಿನ ಫರ್ಸಿ ಕಲ್ಲಿನ ಮೇಲೆ, ಅಕ್ಕನ ಮಗ ಚಪ್ಪಲಿ ಎತ್ತಿಕೊಂಡು ತುಳಿಯಲು ಹೊರಟಾಗ.

ಇಲ್ಲಿ ಒಂದು ಮೋಸ ಇದೆ. ಅದೇ ಸಂಜೆ ಮಳೆಹುಳುಗಳೂ ಏಳುತ್ತವೆ. ಅವು ಇರುವೆ ಅಲ್ಲ, ಗೆದ್ದಲು. ಗೆದ್ದಲಿಗೆ ನಾಲ್ಕೂ ರೆಕ್ಕೆ ಒಂದೇ ಉದ್ದ, ಮೈ ಮೆತ್ತಗೆ, ಸೊಂಟ ಅಂತ ಇಲ್ಲವೇ ಇಲ್ಲ, ಮೀಸೆ ಮಣಿ ಪೋಣಿಸಿದ ಹಾಗೆ ನೇರ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಸೊಂಟ ದಾರದಷ್ಟು ಸಣ್ಣ, ಮೀಸೆ ಮೊಣಕೈ ಮಡಚಿದ ಹಾಗೆ ಬಾಗಿರುತ್ತದೆ. ಇದು ಗೊತ್ತಿಲ್ಲದೆ ನನ್ನ ಗೆಳೆಯನೊಬ್ಬ ಗೆದ್ದಲನ್ನು ಹದಿನೈದು ದಿನ ಸಾಕಿದ.

ಗೊದ್ದದ ರಾಣಿ ಒಂದೂವರೆ ಸೆಂಟಿಮೀಟರಿಗೂ ಉದ್ದ ಇರುತ್ತದೆ. ದೊಡ್ಡ ತಲೆಯ ಕೆಲಸಗಾರ ಇರುವೆಯೂ ಸುಮಾರು ಅಷ್ಟೇ ಉದ್ದ ಇರಬಹುದು, ಹಾಗಾಗಿ ಉದ್ದ ನೋಡಿ ಮೋಸ ಹೋಗಬೇಡಿ. ಎದೆ ನೋಡಿ. ರೆಕ್ಕೆ ಹೊತ್ತ ಎದೆಯಾದ್ದರಿಂದ ರಾಣಿಗೆ ಅದು ಗೂನಿನ ಹಾಗೆ ಉಬ್ಬಿರುತ್ತದೆ, ರೆಕ್ಕೆ ಕಿತ್ತ ಜಾಗದಲ್ಲಿ ಸಣ್ಣ ಗುರುತು ಕಾಣುತ್ತದೆ. ಹೊಟ್ಟೆಯೂ ದಪ್ಪ.

ಗೊದ್ದವೇ ಯಾಕೆ? ದೊಡ್ಡದು, ಕನ್ನಡಕ ಇಲ್ಲದೆ ಕಾಣುತ್ತದೆ. ಕೊಂಡಿ ಇಲ್ಲ. ಕಚ್ಚಬಹುದು, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸಬಹುದು, ಅಷ್ಟೇ. ಸಣ್ಣ ಕೆಂಪಿರುವೆ ತಂದರೆ ಅವಕ್ಕೆ ಕೊಂಡಿ ಇದೆ, ಜೊತೆಗೆ ಅವು ತೂರದ ಸಂದು ಇಲ್ಲ. ಮಲೆನಾಡಿನ ಕಡೆಯ ಚಗಳಿ ಎಲೆ ಹೊಲಿದು ಮರದ ಮೇಲೆ ಮನೆ ಮಾಡುವ ಜಾತಿ, ಅದಕ್ಕೆ ಈ ಗೂಡು ಯಾವುದೂ ಆಗುವುದಿಲ್ಲ.

ಮೊದಲ ಮನೆ: ಒಂದು ಗಾಜಿನ ನಳಿಕೆ

ರಾಣಿ ಸಿಕ್ಕ ತಕ್ಷಣ ದೊಡ್ಡ ಗೂಡು ಕಟ್ಟಲು ಓಡಬೇಡಿ. ಈಗ ಅದಕ್ಕೆ ಬೇಕಾದ್ದು ಒಂದು ಟೆಸ್ಟ್‌ಟ್ಯೂಬ್ ಮಾತ್ರ. ಶಾಲೆ ಕಾಲೇಜಿನ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಸುಮಾರು 15 ಸೆಂಟಿಮೀಟರ್ ಉದ್ದ, ಒಳಗೆ ನಿಮ್ಮ ಕಿರುಬೆರಳು ಆರಾಮಾಗಿ ಹೋಗುವಷ್ಟು ಅಗಲದ್ದು ತನ್ನಿ. ಎರಡು ತನ್ನಿ, ಎರಡನೆಯದು ಆಮೇಲೆ ಬೇಕಾಗುತ್ತದೆ. ಮೆಡಿಕಲ್‌ನಿಂದ ಹತ್ತಿ.

ನಳಿಕೆಗೆ ಮೂರನೇ ಒಂದು ಭಾಗ ಫಿಲ್ಟರ್ ನೀರು ಹಾಕಿ. ಬೋರ್ ನೀರು ಬೇಡ, ನಮ್ಮ ಕಡೆ ನೀರು ಎಷ್ಟು ಗಡಸು ಅಂತ ನಿಮ್ಮ ಬಚ್ಚಲ ನಲ್ಲಿ ನೋಡಿದರೆ ಗೊತ್ತಾಗುತ್ತದೆ. ಒಂದು ಉಂಡೆ ಹತ್ತಿಯನ್ನು ಪೆನ್ನಿನ ಹಿಂಭಾಗದಿಂದ ನಿಧಾನವಾಗಿ ಒಳಗೆ ತಳ್ಳಿ, ನೀರು ಮುಟ್ಟಿ ಹತ್ತಿಯ ಈಚೆ ಮುಖ ಸ್ವಲ್ಪ ಒದ್ದೆಯಾಗುವ ತನಕ. ಹತ್ತಿ ಮತ್ತು ನೀರಿನ ನಡುವೆ ಗಾಳಿಗುಳ್ಳೆ ಉಳಿಯಬಾರದು. ನಳಿಕೆ ಅಡ್ಡ ಮಲಗಿಸಿದರೆ ಒಂದು ಹನಿಯೂ ಈಚೆ ಬರಬಾರದು. ಬಂದರೆ ಹತ್ತಿ ಕಡಿಮೆ ಆಯಿತು ಅಂತ ಅರ್ಥ, ತೆಗೆದು ಮತ್ತೆ ಮಾಡಿ. ನನ್ನ ಮೊದಲ ರಾಣಿ ರಾತ್ರಿ ನೀರು ನುಗ್ಗಿ ಹೋಯಿತು. ಎರಡನೇ ಸಲ ಮಾಡುವಾಗ ನಳಿಕೆಯನ್ನು ಒಂದು ಇಡೀ ದಿನ ಖಾಲಿ ಮಲಗಿಸಿಟ್ಟು, ಸೋರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ರಾಣಿಯನ್ನು ಬಿಟ್ಟೆ.

ರಾಣಿ ಒಳಗೆ ಹೋದ ಮೇಲೆ ಬಾಯಿಗೆ ಇನ್ನೊಂದು ಒಣ ಹತ್ತಿ, ಗಾಳಿ ಆಡುವಷ್ಟು ಸಡಿಲ, ರಾಣಿ ಎಳೆದು ಹೊರಬರಲಾಗದಷ್ಟು ಬಿಗಿ. ಕಪ್ಪು ಕಾಗದ ಸುತ್ತಿ. ಕತ್ತಲಿರುವ, ಅಲುಗಾಡದ ಜಾಗದಲ್ಲಿ ಇಡಿ. ಫ್ರಿಜ್ ಮೇಲೆ ಬೇಡ, ಮಿಕ್ಸರ್ ಇರುವ ಕಟ್ಟೆಯ ಮೇಲೆ ಬೇಡ, ಅದರ ನಡುಕ ಇರುವೆಗೆ ಭೂಕಂಪ ಇದ್ದ ಹಾಗೆ.

ಆಮೇಲೆ? ಏನೂ ಮಾಡಬೇಡಿ. ಊಟ ಕೂಡ ಹಾಕಬೇಡಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಈ ರಾಣಿಗೆ ಮೊದಲ ಮಕ್ಕಳು ಬರುವ ತನಕ ಊಟ ಬೇಕಿಲ್ಲ. ಇನ್ನು ಹಾರುವುದಿಲ್ಲವಲ್ಲ, ಎದೆಯಲ್ಲಿರುವ ರೆಕ್ಕೆಯ ಮಾಂಸವನ್ನು ಮತ್ತು ಹೊಟ್ಟೆಯ ಕೊಬ್ಬನ್ನು ಕರಗಿಸಿ ತಾನೂ ಬದುಕುತ್ತದೆ, ಮರಿಗಳಿಗೂ ಉಣಿಸುತ್ತದೆ. ನೀವು ಪಾಪ ಅಂತ ಸಕ್ಕರೆ ಇಟ್ಟರೆ ಬೂಸ್ಟು ಬರುತ್ತದೆ. ನಮ್ಮ ಅಕ್ಕನ ಮಗ ದಿನಾ ಬಂದು "ಮಾಮಾ, ರಾಣಿ ಉಪವಾಸ ಅದಾಳಲ್ಲಾ" ಅಂತ ಗೋಗರೆಯುತ್ತಿದ್ದ.

ವಾರಕ್ಕೆ ಒಂದು ಸಲ, ಒಂದು ನಿಮಿಷ, ಕಾಗದ ಸರಿಸಿ ನೋಡಿ. ಅದಕ್ಕಿಂತ ಜಾಸ್ತಿ ಬೇಡ. ಪದೇ ಪದೇ ಬೆಳಕು ಬಿದ್ದರೆ ರಾಣಿ ಹೆದರಿ ತನ್ನ ಮೊಟ್ಟೆಯನ್ನು ತಾನೇ ತಿಂದುಬಿಡುತ್ತದೆ. ಮೊದಲು ಗಸಗಸೆಗಿಂತ ಸ್ವಲ್ಪ ದೊಡ್ಡ ಬಿಳಿ ಮೊಟ್ಟೆ ಕಾಣುತ್ತವೆ. ಆಮೇಲೆ ಕಾಲಿಲ್ಲದ ಬಿಳಿ ಹುಳು. ಆಮೇಲೆ ಕಂದು ಬಣ್ಣದ ಗೂಡು ಸುತ್ತಿಕೊಂಡ ಕೋಶ, ನೋಡಲು ಸಣ್ಣ ಚುರುಮುರಿ ಕಾಳಿನ ಹಾಗೆ. ಬಹಳ ಜನ ಇದನ್ನೇ ಇರುವೆ ಮೊಟ್ಟೆ ಅಂತಾರೆ, ಅಲ್ಲ. ನಮ್ಮ ಸೆಕೆಗೆ ಒಂದರಿಂದ ಎರಡು ತಿಂಗಳಲ್ಲಿ ಮೊದಲ ಕೆಲಸಗಾರ ಇರುವೆ ಹೊರಬರುತ್ತದೆ. ಕೃಶವಾಗಿ, ಚಿಕ್ಕದಾಗಿ ಇರುತ್ತದೆ. ಕಡಿಮೆ ಊಟದಲ್ಲಿ ಬೆಳೆದದ್ದಲ್ವಾ.

ಈಗ ಊಟ ಶುರು. ಒಂದು ಪಾಲು ಸಕ್ಕರೆಗೆ ಮೂರು ನಾಲ್ಕು ಪಾಲು ನೀರು ಬೆರೆಸಿ, ಒಂದೇ ಹನಿಯನ್ನು ಅಲ್ಯುಮಿನಿಯಂ ಫಾಯಿಲ್ ಚೂರಿನ ಮೇಲಿಟ್ಟು ಬಾಯಿಯ ಹತ್ತಿರ ಇಡಿ. ಒಂದು ಇರುವೆ ಬಂದು ಕುಡಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಹೊಟ್ಟೆಯ ಕರಿ ಪಟ್ಟಿಗಳ ನಡುವೆ ಬಿಳಿ ಗೆರೆ ಕಾಣುವಷ್ಟು. ಆಮೇಲೆ ಓಡಿ ಹೋಗಿ ರಾಣಿಯ ಬಾಯಿಗೆ ಬಾಯಿ ಕೊಟ್ಟು ಉಣಿಸುತ್ತದೆ. ಇರುವೆಗೆ ತನ್ನ ಹೊಟ್ಟೆ ಒಂದು, ಮನೆಯವರಿಗಾಗಿ ತುಂಬಿಕೊಂಡು ಬರುವ ಚೀಲ ಇನ್ನೊಂದು. ನಾನು ಇದನ್ನು ಮೊದಲ ಸಲ ನೋಡಿದ್ದು ರಾತ್ರಿ ಹನ್ನೊಂದಕ್ಕೆ, ಮೊಬೈಲ್ ಟಾರ್ಚಿಗೆ ಕೆಂಪು ಚಾಕಲೇಟ್ ಕಾಗದ ಸುತ್ತಿ. ಕೆಂಪು ಬೆಳಕು ಇರುವೆಗಳಿಗೆ ಅಷ್ಟಾಗಿ ಕಾಣುವುದಿಲ್ಲ.

ನಿಜವಾದ ಗೂಡು: ಬಿಳಿ ಬ್ಲಾಕ್ ಕೊರೆಯುವುದು

ಇಪ್ಪತ್ತು ಮೂವತ್ತು ಇರುವೆ ಆದ ಮೇಲೆ ಗೂಡಿನ ಮಾತು. ಅದಕ್ಕಿಂತ ಮುಂಚೆ ಬೇಡ. ನಾಲ್ಕು ಇರುವೆಗೆ ದೊಡ್ಡ ಮನೆ ಕೊಟ್ಟರೆ ಒಂದು ಕೋಣೆಯಲ್ಲಿ ಮುದುರಿ ಕೂತು ಉಳಿದದ್ದನ್ನೆಲ್ಲ ಕಸದ ತೊಟ್ಟಿ ಮಾಡುತ್ತವೆ, ಅದಕ್ಕೆ ಬೂಸ್ಟು ಬರುತ್ತದೆ, ನಿಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ತಡ ಆಗಿರುತ್ತದೆ.

ಈಗ ಊರಲ್ಲಿ ಎಲ್ಲಿ ನೋಡಿದರೂ ಕಟ್ಟಡಕ್ಕೆ ಬಿಳಿ ಹಗುರ ಬ್ಲಾಕ್ ಹಾಕುತ್ತಿದ್ದಾರೆ, ಎಎಸಿ ಬ್ಲಾಕ್ ಅಂತ. ಒಳಗೆಲ್ಲ ಗಾಳಿಗುಳ್ಳೆ, ರೊಟ್ಟಿ ತುಂಡಿನ ಹಾಗೆ. ನೀರು ಹೀರುತ್ತದೆ, ನಿಧಾನಕ್ಕೆ ಬಿಡುತ್ತದೆ, ಉಬ್ಬುವುದಿಲ್ಲ, ಬಿರಿಯುವುದಿಲ್ಲ. ಎರೆ ಮಣ್ಣಿಗೆ ಪೂರಾ ಉಲ್ಟಾ. ಸ್ಕ್ರೂಡ್ರೈವರಿನಲ್ಲಿ ಕೊರೆಯಬಹುದಾದಷ್ಟು ಮೆತ್ತಗೆ. ನಮ್ಮ ಓಣಿಯಲ್ಲಿ ಕೆಲಸ ನಡೀತಿದ್ದ ಕಡೆ ಗೌಂಡಿ ಕಾಕಾನ್ನ ಕೇಳಿದೆ, ಒಡೆದ ಅರ್ಧ ಬ್ಲಾಕ್ ಸುಮ್ನೆ ಕೊಟ್ಟ. "ಇದರಾಗ ಏನ್ ಮಾಡ್ತಿ?" ಅಂದ. ಇರುವೆಗೆ ಮನೆ ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಪ್ಲಾನ್ ಪಾಸ್ ಮಾಡ್ಸಿಯೇನು?" ಅಂದ.

ಪೂರ್ತಿ ಬ್ಲಾಕ್ ಸಾಮಾನ್ಯವಾಗಿ 60 ಸೆಂಟಿಮೀಟರ್ ಉದ್ದ, 20 ಎತ್ತರ, 10 ದಪ್ಪ ಇರುತ್ತದೆ, ದಪ್ಪದಲ್ಲಿ ಬೇರೆ ಅಳತೆಯವೂ ಉಂಟು. ಅದರ ತುದಿಯಿಂದ ಬ್ರೆಡ್ ಹೋಳಿನ ಹಾಗೆ 5 ಸೆಂಟಿಮೀಟರ್ ದಪ್ಪದ ಒಂದು ಹೋಳು ಗರಗಸದಲ್ಲಿ ಕತ್ತರಿಸಿ. 20 ಉದ್ದ, 10 ಅಗಲ, 5 ದಪ್ಪ. ಒಂದು ವರ್ಷದ ಮನೆಗೆ ಇಷ್ಟು ಸಾಕು. ಮೂಗಿಗೆ ಬಟ್ಟೆ ಅಲ್ಲ, ಮಾಸ್ಕ್ ಕಟ್ಟಿ, ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಅಂಗಳದಲ್ಲೇ ಮಾಡಿ, ಬ್ಲಾಕನ್ನು ಸ್ವಲ್ಪ ಒದ್ದೆ ಮಾಡಿಕೊಂಡರೆ ಧೂಳು ಕಡಿಮೆ.

ಗಾಜು ಕೂರುವ ಮುಖ ಸಮ ಇರಬೇಕು. ಇದಕ್ಕೆ ನಮ್ಮೂರಲ್ಲಿ ಯಂತ್ರ ಬೇಕಿಲ್ಲ. ಅಂಗಳದಲ್ಲಿ ಒರಟು ಶಹಾಬಾದ್ ಫರ್ಸಿ ಇದ್ದರೆ ಅದರ ಮೇಲೆ ಸ್ವಲ್ಪ ಮರಳು, ನೀರು ಹಾಕಿ ಬ್ಲಾಕನ್ನು ಗಂಧ ತೇಯ್ದ ಹಾಗೆ ಸುತ್ತಾ ಉಜ್ಜಿ. ಹತ್ತು ನಿಮಿಷದಲ್ಲಿ ಮುಖ ಹಲಗೆಯ ಹಾಗೆ ಆಗುತ್ತದೆ. ಆಮೇಲೆ ಅವ್ವನ ಕೈಗೆ ಸಿಗುವ ಮುಂಚೆ ಫರ್ಸಿ ತೊಳೆಯಿರಿ.

ಈಗ ಪೆನ್ಸಿಲಿನಲ್ಲಿ ನಕ್ಷೆ. ಕಡ್ಡಿಪೆಟ್ಟಿಗೆ ಗಾತ್ರದ ಮೂರು ಕೋಣೆ, ಹೆಚ್ಚೆಂದರೆ ನಾಲ್ಕು. ಆಳ ಒಂದರಿಂದ ಒಂದೂಕಾಲು ಸೆಂಟಿಮೀಟರ್. ಕೋಣೆಗಳನ್ನು ಸೇರಿಸುವ ದಾರಿ ಒಂದು ಸೆಂಟಿಮೀಟರ್ ಅಗಲ, ದೊಡ್ಡ ತಲೆಯ ಇರುವೆಗಳು ಎದುರು ಬದುರು ಬಂದರೆ ಸಿಕ್ಕಿಕೊಳ್ಳಬಾರದು. ಬ್ಲಾಕಿನ ಒಂದು ತುದಿಯಲ್ಲಿ ನೀರಿನ ಗುಂಡಿ, ಮೂರು ಸೆಂಟಿಮೀಟರ್ ಆಳ. ಈ ಗುಂಡಿಗೂ ಹತ್ತಿರದ ಕೋಣೆಗೂ ನಡುವೆ ಎರಡು ಸೆಂಟಿಮೀಟರ್ ಗೋಡೆ ಹಾಗೇ ಬಿಡಿ. ತೂತು ಬೇಡ. ಗೋಡೆಯ ಮೂಲಕ ಪಸೆ ತಾನೇ ಬರುತ್ತದೆ.

ಇಡೀ ಗೂಡಿನ ಜೀವ ಇರೋದು ಈ ಗುಂಡಿಯಲ್ಲಿ. ಗುಂಡಿಯ ಪಕ್ಕದ ಕೋಣೆ ಪಸೆ ಪಸೆ, ನಡುವಿನದು ಅರ್ಧ, ಕೊನೆಯದು ಒಣ. ಎಲ್ಲಿ ಇರಬೇಕು ಅಂತ ಇರುವೆಗಳೇ ಆರಿಸಿಕೊಳ್ಳುತ್ತವೆ. ಮೊಟ್ಟೆ ಮತ್ತು ಹುಳುಗಳನ್ನು ಪಸೆ ಇರುವ ಕಡೆ, ಕೋಶಗಳನ್ನು ಒಣ ಕಡೆ ಹೊತ್ತುಕೊಂಡು ಹೋಗಿ ಇಡುವುದನ್ನು ನೋಡಬಹುದು. ಎಲ್ಲ ಕೋಣೆಯನ್ನೂ ಒಂದೇ ಥರ ಒದ್ದೆ ಮಾಡಿದರೆ ಈ ಆಯ್ಕೆ ಕಿತ್ತುಕೊಂಡ ಹಾಗೆ. ಬೀದರಿನ ನೌಬಾದಿಗೆ ಹೋದವರು ಅಲ್ಲಿನ ಕರೇಜ್ ನೋಡಿರಬಹುದು, ಬಹಮನಿ ಕಾಲದ ಸುರಂಗ ಬಾವಿ. ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ಉದ್ದಕ್ಕೆ ಸುರಂಗ, ಮೇಲಿಂದ ಅಲ್ಲಲ್ಲಿ ಬಾವಿಯಂಥ ಗಾಳಿಗಂಡಿ. ನಾನು ನಕ್ಷೆ ಹಾಕುವಾಗ ಅದೇ ಕಣ್ಣ ಮುಂದೆ ಇತ್ತು: ನೀರು ಒಂದು ಕಡೆ, ಗಾಳಿ ಇನ್ನೊಂದು ಕಡೆ. ಒಣ ತುದಿಯ ಕೋಣೆಗೆ ಪಕ್ಕದಿಂದ ಸೂಜಿ ದಪ್ಪದ ಎರಡು ಮೂರು ಗಾಳಿತೂತು ಮಾಡಿ, ಅಷ್ಟು ಸಾಕು.

ಒಂದು ಪಕ್ಕದಿಂದ ಬಾಗಿಲು ಕೊರೆಯಿರಿ. ಅದಕ್ಕೆ ಪೈಪ್ ಬೇಕು. ಗೌಂಡಿಗಳು ಮಟ್ಟ ನೋಡಲು ನೀರು ತುಂಬಿ ಹಿಡಿಯುತ್ತಾರಲ್ಲ, ಆ ಪಾರದರ್ಶಕ ಲೆವೆಲ್ ಪೈಪ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಳಗಿನ ಅಗಲ ಒಂದು ಸೆಂಟಿಮೀಟರ್ ಇರುವುದನ್ನು ಅರ್ಧ ಮೀಟರ್ ತನ್ನಿ. ಬ್ಲಾಕಿನ ತೂತನ್ನು ಪೈಪ್ ಬಿಗಿಯಾಗಿ ಕೂರುವಷ್ಟೇ ಕೊರೆಯಿರಿ, ಅಂಟು ಬೇಡ.

ಕೊರೆದಾದ ಮೇಲೆ ಬ್ಲಾಕನ್ನು ಬಕೆಟ್ ನೀರಲ್ಲಿ ಒಂದು ರಾತ್ರಿ ಮುಳುಗಿಸಿಡಿ, ತೇಲುತ್ತದೆ, ಮೇಲೆ ಕಲ್ಲು ಇಡಿ. ನೀರು ಚೆಲ್ಲಿ ಮತ್ತೆ ಒಂದು ರಾತ್ರಿ. ಸಿಮೆಂಟು ಸುಣ್ಣದ ಕ್ಷಾರ ಇಳಿಯಲಿ ಅಂತ. ಆಮೇಲೆ ಪೂರ್ತಿ ಒಣಗಿಸಿ. ಗಾಜಿನ ಅಂಗಡಿಯಲ್ಲಿ 4 ಎಂಎಂ ಗಾಜು 20ಕ್ಕೆ 10 ಅಳತೆಗೆ ಕತ್ತರಿಸಿ ಕೊಡುತ್ತಾರೆ. ಗುಂಡಿಯ ಮೇಲೆ ಗಾಜು ಬರದ ಹಾಗೆ ಎರಡು ಮೂರು ಸೆಂಟಿಮೀಟರ್ ಕಡಿಮೆ ಮಾಡಿಸಿದರೆ ನೀರು ಹಾಕುವುದು ಸುಲಭ. ಅಂಚು ಉಜ್ಜಿಸಿ, ಇಲ್ಲಾಂದರೆ ಕೈ ಕುಯ್ಯುತ್ತದೆ. ಗಾಜನ್ನು ಅಂಟಿಸಬೇಡಿ. ಎರಡು ದಪ್ಪ ರಬ್ಬರ್ ಬ್ಯಾಂಡ್ ಹಾಕಿ. ನಾಳೆ ಒಳಗೆ ಏನಾದರೂ ಕೆಟ್ಟರೆ ತೆಗೆಯಲು ಬರಬೇಕು.

ಬ್ಲಾಕ್ ಸಿಗದವರು ಪಿಓಪಿಯಲ್ಲೂ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲೂ, ಮಾಡಬಹುದು. ಎರಡು ಪಾಲು ಪುಡಿಗೆ ಒಂದು ಪಾಲು ನೀರು, ಡಬ್ಬಿಯ ತಳದಲ್ಲಿ ಮೇಣದ ಅಥವಾ ಆಟದ ಮಣ್ಣಿನ ಕೋಣೆಗಳನ್ನು ಇಟ್ಟು ಮೇಲೆ ಸುರಿದು, ಗಟ್ಟಿಯಾದ ಮೇಲೆ ಬಿಡಿಸುವುದು. ವಾರ ಒಣಗಬೇಕು. ಬೂಸ್ಟು ಬೇಗ ಹಿಡಿಯುತ್ತದೆ, ಇರುವೆಗಳು ಕಡಿದು ತೂತು ಮಾಡುವುದೂ ಉಂಟು. ನನಗೆ ಬ್ಲಾಕೇ ಇಷ್ಟ.

ಅಂಗಳ ಮತ್ತು ಬೇಲಿ

ಗೂಡು ಮಲಗುವ ಮನೆ. ತಿನ್ನಲು, ಓಡಾಡಲು, ಕಸ ಹಾಕಲು ಬೇರೆ ಅಂಗಳ ಬೇಕು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ, ಗೋಡೆ ನುಣುಪಾಗಿ ನೇರ ಇರುವುದು, ಹದಿನೈದು ಸೆಂಟಿಮೀಟರ್ ಎತ್ತರದ್ದು ಸಾಕು. ಪಕ್ಕದಲ್ಲಿ ಕಾಯಿಸಿದ ಮೊಳೆಯಿಂದ ತೂತು ಮಾಡಿ ಪೈಪ್ ಸಿಕ್ಕಿಸಿ. ಮುಚ್ಚಳದ ನಡುವೆ ಚೌಕ ಕತ್ತರಿಸಿ, ಹಳೆ ಚಹಾ ಜಾಳಿಗೆಯ ಸ್ಟೀಲ್ ಬಲೆ ಕಿತ್ತು ಅಂಟಿಸಿ.

ಬೇಲಿ ಅಂದರೆ ಪೌಡರ್. ಟಾಲ್ಕ್ ಅಂತ ಬರೆದಿರುವ ಪೌಡರನ್ನು ಮೆಡಿಕಲ್ ಸ್ಪಿರಿಟ್‌ನಲ್ಲಿ ಮಜ್ಜಿಗೆ ಹದಕ್ಕೆ ಕಲಸಿ, ಡಬ್ಬಿಯ ಒಳಗೋಡೆಯ ಮೇಲ್ಭಾಗಕ್ಕೆ ಸುತ್ತಲೂ ನಾಲ್ಕು ಬೆರಳಗಲ ಹಚ್ಚಿ. ಸ್ಪಿರಿಟ್ ಆರಿದ ಮೇಲೆ ಸಣ್ಣ ಪುಡಿ ಗೋಡೆಗೆ ಕೂತಿರುತ್ತದೆ. ಇರುವೆ ಹತ್ತಲು ಹೋದರೆ ಪುಡಿ ಕಾಲಿಗೆ ಮೆತ್ತಿ ಜಾರಿ ಬೀಳುತ್ತದೆ. ಒಲೆ ಹತ್ತಿರ ಈ ಕೆಲಸ ಬೇಡ, ಸ್ಪಿರಿಟ್ ಬೆಂಕಿ ಹಿಡಿಯುತ್ತದೆ. ಪೂರ್ತಿ ಆರುವ ತನಕ ಇರುವೆಗಳನ್ನು ಜೋಡಿಸಬೇಡಿ, ಆ ಆವಿ ಅವುಗಳನ್ನು ಕೊಲ್ಲುತ್ತದೆ. ಮಳೆಗಾಲದಲ್ಲಿ ಪುಡಿ ತೇವ ಎಳೆದು ಗಟ್ಟಿಯಾಗುತ್ತದೆ, ಆಗ ಒರೆಸಿ ಮತ್ತೆ ಹಚ್ಚಬೇಕು. ನಾನು ಒಂದು ಶ್ರಾವಣದಲ್ಲಿ ಮರೆತೆ. ನಾಗರ ಪಂಚಮಿಯ ದಿನ ಬೆಳಿಗ್ಗೆ ಅವ್ವ ತಂಬಿಟ್ಟಿನ ತಾಟು ತೆಗೆದರೆ ನನ್ನ ಗೊದ್ದಗಳು ಅದರ ಮೇಲೆ ಸಾಲಾಗಿ ನಡೆಯುತ್ತಿದ್ದವು. ಅದರ ಮುಂದಿನ ಮಾತುಗಳನ್ನು ಬರೆಯುವುದಿಲ್ಲ.

ಇನ್ನು ಸ್ಥಳಾಂತರ. ರಾಣಿ ಇರುವ ನಳಿಕೆಯನ್ನು ಹತ್ತಿ ತೆಗೆದು ಅಂಗಳದ ಡಬ್ಬಿಯಲ್ಲಿ ಇಡಿ. ಗುಂಡಿಗೆ ನೀರು ಹಾಕಿ ಗೂಡನ್ನು ಪಸೆ ಮಾಡಿ, ಮೇಲೆ ಕಪ್ಪು ಕಾಗದ ಮುಚ್ಚಿ. ನಳಿಕೆಯ ಕಪ್ಪು ಕಾಗದ ತೆಗೆಯಿರಿ. ಇಷ್ಟೇ. ಬೆಳಕಿನಿಂದ ಕತ್ತಲಿಗೆ ಅವೇ ಹೋಗುತ್ತವೆ, ಒಂದು ರಾತ್ರಿಯಲ್ಲಿ ಆಗಬಹುದು, ಮೂರು ವಾರವೂ ಆಗಬಹುದು. ನಳಿಕೆ ಅಲುಗಾಡಿಸಿ ಬೀಳಿಸಲು ಹೋಗಬೇಡಿ. ನನ್ನವು ಹನ್ನೊಂದು ದಿನ ತೆಗೆದುಕೊಂಡವು. ಹನ್ನೆರಡನೇ ಬೆಳಿಗ್ಗೆ ನಳಿಕೆಯಲ್ಲಿ ಒಂದೇ ಒಂದು ಇರುವೆ ಕೂತಿತ್ತು, ಬೀಗ ಹಾಕಿ ಕೊನೆಗೆ ಬರುವವರ ಹಾಗೆ. ಸ್ಥಳಾಂತರಕ್ಕೆ ಮುಂಚೆಯೇ ನಳಿಕೆಯ ಹತ್ತಿ ಕಪ್ಪಾದರೆ ಅಥವಾ ನೀರು ಮುಗಿದರೆ, ಎರಡನೇ ನಳಿಕೆ ತಯಾರಿಸಿ ಬಾಯಿಗೆ ಬಾಯಿ ಇಟ್ಟು ಟೇಪ್ ಸುತ್ತಿ, ಹೊಸದನ್ನು ಕತ್ತಲು ಮಾಡಿ, ಹಳೆಯದಕ್ಕೆ ಬೆಳಕು ಬಿಡಿ. ಅದೇ ಉಪಾಯ.

ತಿನ್ನಿಸುವುದು, ಕೊಲ್ಲದೇ ಇರುವುದು

ಎರಡು ಮೂರು ದಿನಕ್ಕೊಮ್ಮೆ ಸಕ್ಕರೆ ನೀರು. ವಾರಕ್ಕೆ ಎರಡು ಸಲ ಹುಳ: ನೊಣ, ಮಿಡತೆ, ಜಿರಳೆ ಮರಿ. ಸಿಹಿ ದೊಡ್ಡವರಿಗೆ, ಹುಳ ಮರಿಗಳಿಗೆ ಮತ್ತು ಮೊಟ್ಟೆ ಇಡುವ ರಾಣಿಗೆ. ಹುಳವನ್ನು ಕುದಿ ನೀರಿನಲ್ಲಿ ಅದ್ದಿ ತೆಗೆದು ಕೊಡಿ, ಅದರ ಮೈಮೇಲಿನ ಸಣ್ಣ ಹುಳುಗಳು ಗೂಡಿಗೆ ಬರುವುದಿಲ್ಲ. ಬೇಯಿಸಿದ ಮೊಟ್ಟೆಯ ಹಳದಿ ಚೂರೂ ನಡೆಯುತ್ತದೆ. ಮಿಕ್ಕದ್ದನ್ನು ಮರುದಿನ ತೆಗೆಯಿರಿ.

ನಮ್ಮ ಕಡೆಯವರಿಗೆ ತೊಗರಿ ಹೂ ಬಿಟ್ಟಾಗ ಒಂದು ಆಸೆ ಬರುತ್ತದೆ. ಕಾಯಿಕೊರಕ ಬಿದ್ದ ಹೊಲದಲ್ಲಿ ಗಿಡ ಅಲುಗಿಸಿ ಕೆಳಗೆ ಹಾಸಿದ ಚೀಲದ ಮೇಲೆ ಹಸಿರು ಹುಳು ಉದುರಿಸುತ್ತಾರಲ್ಲ, ದಪ್ಪ ದಪ್ಪ, ಇರುವೆಗೆ ಹಬ್ಬ ಅನಿಸುತ್ತದೆ. ಔಷಧಿ ಹೊಡೆಯದ ಹೊಲ ಅಂತ ಖಾತ್ರಿ ಇದ್ದರೆ ಮಾತ್ರ ತನ್ನಿ. ಹೊಡೆದ ಹೊಲದ ಒಂದು ಹುಳು ಸಾಕು, ಎರಡು ದಿನದಲ್ಲಿ ಇಡೀ ಗೂಡು ಅಂಗಾತ. ಸ್ಪ್ರೇ ಹೊಡೆದು ಸತ್ತ ಜಿರಳೆಯೂ ಅಷ್ಟೇ.

ನನ್ನ ಎರಡನೇ ಗೂಡು ಹೋಗಿದ್ದು ಹುಳದಿಂದಲ್ಲ, ಸೊಳ್ಳೆ ಮಷಿನ್‌ನಿಂದ. ಗೂಡು ಮಲಗುವ ಕೋಣೆಯಲ್ಲಿತ್ತು, ಕರೆಂಟಿಗೆ ಸಿಕ್ಕಿಸುವ ಸೊಳ್ಳೆ ಲಿಕ್ವಿಡ್ ರಾತ್ರಿಯಿಡೀ ಉರಿಯುತ್ತಿತ್ತು. ಸೊಳ್ಳೆಗೆ ವಿಷ ಆದದ್ದು ಇರುವೆಗೂ ವಿಷ, ಎರಡೂ ಕೀಟವೇ. ಬೆಳಿಗ್ಗೆ ಕಾಲು ನಡುಗಿಸುತ್ತಾ ಬಿದ್ದಿದ್ದವು. ಕಾಯಿಲ್, ಸ್ಪ್ರೇ, ಇರುವೆ ಚಾಕ್ ಯಾವುದೂ ಆ ಕೋಣೆಯಲ್ಲಿ ಬೇಡ. ಮನೆಯವರಿಗೆಲ್ಲ ಹೇಳಿಡಿ, ನೆಲ ಒರೆಸಲು ಬರುವ ಮಾವಶಿಗೂ.

ಸತ್ತ ಇರುವೆಗಳನ್ನು ಅವೇ ಹೊತ್ತು ಅಂಗಳದ ಒಂದು ಮೂಲೆಗೆ ಹಾಕುತ್ತವೆ. ಸತ್ತ ಇರುವೆಯ ಮೈಯಿಂದ ಬರುವ ಒಲೀಕ್ ಆಮ್ಲದ ವಾಸನೆಯೇ ಇದಕ್ಕೆ ಕಾರಣ ಅಂತ 1958ರಲ್ಲಿ ಎಡ್ವರ್ಡ್ ವಿಲ್ಸನ್ ಮತ್ತು ಸಂಗಡಿಗರು ತೋರಿಸಿದರು. ಆ ವಾಸನೆ ಹಚ್ಚಿದರೆ ಬದುಕಿರುವ ಇರುವೆಯನ್ನೂ ಎಳೆದುಕೊಂಡು ಹೋಗಿ ಕಸಕ್ಕೆ ಹಾಕುತ್ತವಂತೆ. ನಿಮಗೆ ಇದರಿಂದ ಲಾಭ ಏನೆಂದರೆ ಗುಡಿಸುವ ಕೆಲಸ ಇಲ್ಲ. ವಾರಕ್ಕೊಮ್ಮೆ ಆ ಮೂಲೆಯನ್ನು ಕಿವಿ ಕಡ್ಡಿಯಿಂದ ಎತ್ತಿದರೆ ಮುಗಿಯಿತು.

ಬೇಸಿಗೆ

ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ಹೊಲದ ಇರುವೆ ಆಗ ಆಳದ ತಂಪಿಗೆ ಇಳಿಯುತ್ತದೆ, ನಿಮ್ಮ ಐದು ಸೆಂಟಿಮೀಟರ್ ಬ್ಲಾಕಿನಲ್ಲಿ ಇಳಿಯಲು ಜಾಗ ಇಲ್ಲ. ಗೂಡಿನ ಸುತ್ತ 25ರಿಂದ 30 ಡಿಗ್ರಿ ಇದ್ದರೆ ಚೆನ್ನ, ಸ್ವಲ್ಪ ಹೆಚ್ಚಾದರೆ ತಡೆದುಕೊಳ್ಳುತ್ತವೆ. ಟೆರೇಸ್ ಕೆಳಗಿನ ಕೋಣೆ ಬೇಡ, ಪಡುವಣ ಗೋಡೆಯ ಪಕ್ಕ ಬೇಡ, ಕಿಟಕಿ ಬಿಸಿಲು ಹತ್ತು ನಿಮಿಷವೂ ಬೀಳಬಾರದು. ಗಾಜಿನ ಕೆಳಗೆ ಅದು ಬಾಣಲಿ. ಮನೆಯ ನಡುವಿನ ಕೋಣೆಯಲ್ಲಿ, ನೇರ ಫರ್ಸಿ ನೆಲದ ಮೇಲೆ ಇಡಿ. ನೆಲದ ತಂಪು ಬ್ಲಾಕಿಗೆ ಇಳಿಯುತ್ತದೆ. ಕೂಲರ್ ಗಾಳಿ ನೇರ ಬಡಿಯದಿರಲಿ, ಆದರೆ ಅದೇ ಕೋಣೆಯಲ್ಲಿದ್ದರೆ ಒಳ್ಳೆಯದೇ. ಕರೆಂಟ್ ಹೋದ ಮಧ್ಯಾಹ್ನ ಬ್ಲಾಕಿನ ಸುತ್ತ ಒದ್ದೆ ಗೋಣಿತಾಟು ಸುತ್ತಿ, ಮಡಿಕೆ ತಂಪಾಗುವ ಲೆಕ್ಕವೇ ಇಲ್ಲೂ. ಗಾಳಿತೂತು ಮುಚ್ಚದಂತೆ ನೋಡಿಕೊಳ್ಳಿ.

ಗುಂಡಿಗೆ ನೀರು ಬೇಸಿಗೆಯಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಸಿರಿಂಜಿನಲ್ಲಿ ಐದು ಹತ್ತು ಎಂಎಲ್. ಲೆಕ್ಕಕ್ಕಿಂತ ಗಾಜು ನೋಡಿ. ಗಾಜಿನ ಒಳಮುಖಕ್ಕೆ ಹನಿ ಕಟ್ಟಿದರೆ ನೀರು ಜಾಸ್ತಿ ಆಗಿದೆ. ಎಲ್ಲ ಇರುವೆಗಳೂ ಗುಂಡಿಯ ಗೋಡೆಗೆ ಒತ್ತಿ ಕೂತಿದ್ದರೆ ಕಡಿಮೆ ಆಗಿದೆ. ಡಿಸೆಂಬರ್ ಚಳಿಗೆ ರಾಣಿ ಮೊಟ್ಟೆ ಇಡುವುದು ತಗ್ಗುತ್ತದೆ, ಎಲ್ಲರೂ ಮಂಕಾಗುತ್ತವೆ. ಗಾಬರಿ ಬೇಡ, ಸಂಕ್ರಾಂತಿ ಕಳೆದು ಬಿಸಿಲು ಏರಿದರೆ ಸರಿಹೋಗುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಯುರೋಪಿನ ಒಂದು ಕರಿ ಇರುವೆ ಜಾತಿಯ ರಾಣಿ ಸಾಕಿದವರ ಗೂಡಿನಲ್ಲಿ 28 ವರ್ಷಕ್ಕೂ ಮೇಲ್ಪಟ್ಟು ಬದುಕಿದ್ದು ದಾಖಲೆ ಇದೆ. ನಮ್ಮ ಗೊದ್ದ ಅಷ್ಟು ಬದುಕಬೇಕಿಲ್ಲ, ಆದರೂ ವರ್ಷಗಟ್ಟಲೆಯ ಸಂಬಂಧ ಇದು. ಸಾಕಾಯಿತು ಅನಿಸಿದರೆ ಹಿಡಿದ ಜಾಗದ ಹತ್ತಿರವೇ, ಮಳೆ ಬಿದ್ದ ನೆಲದಲ್ಲಿ ಬಿಡಿ. ಬೇರೆ ಊರಿಗೆ, ಬೇರೆ ರಾಜ್ಯಕ್ಕೆ ಒಯ್ದು ಬಿಡಬೇಡಿ. ಹೊರದೇಶದ ಇರುವೆ ತರಿಸುವ ಯೋಚನೆಯಂತೂ ಬೇಡವೇ ಬೇಡ, ತಪ್ಪಿಸಿಕೊಂಡರೆ ಯಾರ ಕೈಗೂ ಸಿಗುವುದಿಲ್ಲ.

ಊರಿಗೆ ಹೋಗುವಾಗ ಏನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ಹತ್ತು ದಿನ ಆರಾಮಾಗಿ ಬಿಟ್ಟು ಹೋಗಬಹುದು. ಒಂದು ನಳಿಕೆಯಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಬರೀ ನೀರು ತುಂಬಿ, ಹತ್ತಿ ಬಿಗಿದು ಅಂಗಳದಲ್ಲಿ ಮಲಗಿಸಿ. ಗುಂಡಿ ತುಂಬಿಸಿ. ಹುಳ ಹಾಕಿ ಹೋಗಬೇಡಿ, ಕೊಳೆಯುತ್ತದೆ. ಬೇಲಿಯ ಪೌಡರ್ ಹೊಸದಾಗಿ ಹಚ್ಚಿ. ಮೇ ತಿಂಗಳಾದರೆ ಮಾತ್ರ ಹತ್ತು ದಿನ ಆಗುವುದಿಲ್ಲ, ಗುಂಡಿ ಎರಡೇ ದಿನಕ್ಕೆ ಒಣಗುತ್ತದೆ, ಮನೆಯಲ್ಲಿ ಇರುವವರ ಕೈಗೆ ಸಿರಿಂಜ್ ಕೊಟ್ಟು ಹೋಗಿ. ನಾನು ಕಳೆದ ಸಲ ಅವ್ವನಿಗೆ ಕೊಟ್ಟು ಹೋಗಿದ್ದೆ. ದಿನ ಬಿಟ್ಟು ದಿನ ಐದು ಎಂಎಲ್ ಅಂದಿದ್ದೆ, ಅವಳು ದಿನಾ ಹತ್ತು ಹಾಕಿದ್ದಳು, ಬಿಸಿಲು ಎಷ್ಟು ಅದ ನೋಡು ಅಂತ. ಗಾಜೆಲ್ಲ ಹನಿ. ಇರುವೆಗಳು ಮೊಟ್ಟೆ ಮರಿ ಎಲ್ಲ ಹೊತ್ತು ಒಣ ತುದಿಯ ಕೋಣೆಗೆ ಹೋಗಿ ಕೂತಿದ್ದವು, ಒಂದೂ ಸತ್ತಿರಲಿಲ್ಲ.